ರಾಮ್ ಮೋಹನ್ (ಅನಿಮೇಷನ್ ನಿರ್ದೇಶಕ)

ರಾಮ್ ಮೋಹನ್ (26 ಆಗಸ್ಟ್ 1931 – 11 ಅಕ್ಟೋಬರ್ 2019) ಭಾರತದ ಅನಿಮೇಷನ್ ಚಿತ್ರ ನಿರ್ದೇಶಕರು, ಚಿತ್ರಕಾರರು ಹಾಗೂ ಈ ಕಲೆಯ ಶಿಕ್ಷಕರು. 1956ರಲ್ಲಿ ಭಾರತ ಸರ್ಕಾರದ ಫಿಲ್ಮ್ಸ್ ಡಿವಿಷನ್‌ನ ಕಾರ್ಟೂನ್ ಘಟಕದಲ್ಲಿ ವೃತ್ತಿಯನ್ನು ಆರಂಭಿಸಿದ ಇವರು ಸಾಕ್ಷ್ಯಚಿತ್ರ, ಜಾಹೀರಾತು, ಕಥಾಚಿತ್ರಗಳ ಅನಿಮೇಷನ್ ಭಾಗಗಳು, ದೂರದರ್ಶನ ಸರಣಿ ಮತ್ತು ಪೂರ್ಣಪ್ರಮಾಣದ ಚಲನಚಿತ್ರ ಹೀಗೆ ಅನಿಮೇಷನ್ನಿನ ಬಹುತೇಕ ಎಲ್ಲ ಪ್ರಕಾರಗಳಲ್ಲಿಯೂ ಐದು ದಶಕಗಳಿಗೂ ಹೆಚ್ಚು ಕಾಲ ಕೆಲಸ ಮಾಡಿದರು. ಜಪಾನಿನ ಯೂಗೊ ಸಾಕೊ ಮತ್ತು ಕೊಇಚಿ ಸಾಸಾಕಿ ಅವರೊಂದಿಗೆ ನಿರ್ದೇಶಿಸಿದ 'ರಾಮಾಯಣ: ದ ಲೆಜೆಂಡ್ ಆಫ್ ಪ್ರಿನ್ಸ್ ರಾಮ' (1992) ಇವರ ಅತ್ಯಂತ ಪ್ರಸಿದ್ಧ ಕೃತಿ. ಮೈಸೂರಿನ ಆರ್. ಕೆ. ಲಕ್ಷ್ಮಣ್ ಅವರ ವ್ಯಂಗ್ಯಚಿತ್ರಗಳನ್ನು ಆಧರಿಸಿದ 'ಯೂ ಸೆಡ್ ಇಟ್' ಚಿತ್ರದಿಂದಾಗಿ ಕನ್ನಡ ಓದುಗರಿಗೆ ಇವರ ಹೆಸರು ವಿಶೇಷವಾಗಿ ಹತ್ತಿರದ್ದು.

ಇವರನ್ನು 'ಭಾರತೀಯ ಅನಿಮೇಷನ್ನಿನ ಪಿತಾಮಹ' ಎಂದು ಕರೆಯುವ ರೂಢಿಯಿದೆ. ಈ ಬಿರುದನ್ನು ಅಕ್ಷರಶಃ ಗ್ರಹಿಸುವುದು ಸರಿಯಾಗದು. ದಾದಾಸಾಹೇಬ್ ಫಾಲ್ಕೆ ಅವರು ಇದಕ್ಕೂ ನಾಲ್ಕು ದಶಕಗಳ ಹಿಂದೆಯೇ ಬೆಂಕಿಕಡ್ಡಿಗಳನ್ನು ಚಲಿಸುವಂತೆ ಮಾಡಿ ಕಿರುಚಿತ್ರ ತೆಗೆದಿದ್ದರು. ಕಲ್ಕತ್ತದ ನ್ಯೂ ಥಿಯೇಟರ್ಸ್ ಸಂಸ್ಥೆಯ 'ದ ಪೀ ಬ್ರದರ್ಸ್' 1934ರಲ್ಲಿಯೇ ಚಿತ್ರಮಂದಿರಗಳಲ್ಲಿ ಪ್ರದರ್ಶನಗೊಂಡಿತ್ತು. ಆದರೆ ಆ ಪ್ರಯತ್ನಗಳು ಒಂಟಿಯಾಗಿ ಹುಟ್ಟಿ ಒಂಟಿಯಾಗಿಯೇ ಮುಗಿದವು. ಅನಿಮೇಷನ್ನನ್ನೇ ಜೀವನೋಪಾಯವಾಗಿಸಿಕೊಂಡು, ಅದರಲ್ಲಿಯೇ ನಿವೃತ್ತಿಯ ವಯಸ್ಸನ್ನೂ ದಾಟಿ, ಮುಂದಿನ ಪೀಳಿಗೆಯನ್ನು ಸಿದ್ಧಪಡಿಸಿದ ಮೊದಲಿಗರಲ್ಲಿ ರಾಮ್ ಮೋಹನ್ ಪ್ರಮುಖರೆಂಬ ಅರ್ಥದಲ್ಲಿ ಆ ಬಿರುದು ಒಪ್ಪುತ್ತದೆ.

ಶಿಕ್ಷಣ ಮತ್ತು ತರಬೇತಿ

ರಾಮ್ ಮೋಹನ್ ಮದರಾಸು ವಿಶ್ವವಿದ್ಯಾನಿಲಯದಿಂದ ರಸಾಯನಶಾಸ್ತ್ರದಲ್ಲಿ ಪದವಿ ಪಡೆದವರು. ಅವರು ಕಲಿಯುತ್ತಿದ್ದ ಕಾಲದಲ್ಲಿ ಅನಿಮೇಷನ್ ಕಲಿಸುವ ಶಾಲೆ ದೇಶದಲ್ಲಿ ಇರಲಿಲ್ಲ. ಈ ವಿದ್ಯೆ ಬೇಕೆಂದವರು ಕೆಲಸ ಮಾಡುತ್ತಲೇ ಕಲಿಯಬೇಕಿತ್ತು, ಕೆಲಸ ಕೊಡುವವರೂ ಹೆಚ್ಚಿರಲಿಲ್ಲ.

1948ರಲ್ಲಿ ಸ್ಥಾಪನೆಯಾದ ಫಿಲ್ಮ್ಸ್ ಡಿವಿಷನ್ 1950ರ ದಶಕದ ಮಧ್ಯಭಾಗದಲ್ಲಿ ಮುಂಬಯಿಯಲ್ಲಿ ಕಾರ್ಟೂನ್ ಘಟಕವೊಂದನ್ನು ತೆರೆಯಿತು. ಅಮೆರಿಕದ ತಾಂತ್ರಿಕ ನೆರವು ಕಾರ್ಯಕ್ರಮದಡಿ ಘಟಕದ ಕಲಾವಿದರಿಗೆ ತರಬೇತಿ ನೀಡಲು ವಾಲ್ಟ್ ಡಿಸ್ನಿ ಸ್ಟುಡಿಯೊದ ಅನಿಮೇಟರ್ ಕ್ಲೇರ್ ವೀಕ್ಸ್ ಬಂದರು. ಮಿಷನರಿ ದಂಪತಿಯ ಮಗನಾಗಿ ಭಾರತದಲ್ಲಿಯೇ ಜನಿಸಿದ್ದ ವೀಕ್ಸ್, ಡಿಸ್ನಿಯ 'ಬಾಂಬಿ' ಮೊದಲಾದ ಚಿತ್ರಗಳಲ್ಲಿ ದುಡಿದಿದ್ದರು. ಅವರ ಕೈಕೆಳಗೆ ಕಲಿತ ಮೊದಲ ತಂಡದಲ್ಲಿ ರಾಮ್ ಮೋಹನ್ ಇದ್ದರು.

ಈ ತಂಡದ ಆರಂಭದ ಚಿತ್ರ 'ದ ಬನಿಯನ್ ಡೀರ್'. ಗರ್ಭಿಣಿ ಹರಿಣಿಯೊಂದರ ಸರದಿ ಬಂದಾಗ ಅದರ ಬದಲಿಗೆ ತನ್ನ ಕೊರಳನ್ನೇ ಒಡ್ಡುವ ಜಿಂಕೆಗಳ ಅರಸನ ಜಾತಕ ಕಥೆ ಇದರ ವಸ್ತು. ಕಥೆ ಭಾರತದ್ದಾದರೂ ಜಿಂಕೆಗಳ ನಡಿಗೆ, ಕಣ್ಣು, ಮೈಮಾಟಗಳಲ್ಲಿ 'ಬಾಂಬಿ'ಯ ಛಾಯೆ ಕಾಣುತ್ತದೆ. ಗುರುವೇ ಆ ಚಿತ್ರದಲ್ಲಿ ದುಡಿದವನಾಗಿದ್ದಾಗ ಇದು ಅಚ್ಚರಿಯ ಸಂಗತಿಯೇನಲ್ಲ. ಕಲಿತ ಡಿಸ್ನಿ ಶೈಲಿಯಿಂದ ಬಿಡಿಸಿಕೊಂಡು ಭಾರತದ ಮುಖ, ಉಡುಗೆ, ಹಾವಭಾವಗಳಿಗೆ ಹೊಂದುವ ರೇಖೆಯನ್ನು ಕಂಡುಕೊಳ್ಳುವ ಪ್ರಶ್ನೆ ಇಲ್ಲಿಂದಲೇ ಆರಂಭವಾಗಿ ರಾಮ್ ಮೋಹನ್ ಅವರ ವೃತ್ತಿಜೀವನದುದ್ದಕ್ಕೂ ಬೇರೆಬೇರೆ ರೂಪಗಳಲ್ಲಿ ಎದುರಾಯಿತು.

ಫಿಲ್ಮ್ಸ್ ಡಿವಿಷನ್‌ನಲ್ಲಿ

ಸರ್ಕಾರಿ ಘಟಕದಲ್ಲಿ ರಾಮ್ ಮೋಹನ್ ಚಿತ್ರಕಥೆ, ಪಾತ್ರವಿನ್ಯಾಸ, ಅನಿಮೇಷನ್ ಈ ಮೂರನ್ನೂ ನಿರ್ವಹಿಸಿದರು. ಇವರು ದುಡಿದ 'ಹೋಮೊ ಸ್ಯಾಪ್ಸ್' 1967ರಲ್ಲಿ ಅತ್ಯುತ್ತಮ ಪ್ರಾಯೋಗಿಕ ಚಿತ್ರಕ್ಕಾಗಿ ರಾಷ್ಟ್ರ ಪ್ರಶಸ್ತಿಯನ್ನು ಪಡೆಯಿತು. 'ಕೇಯಾಸ್' 1969ರಲ್ಲಿ ಲೈಪ್‌ಜಿಗ್ ಚಿತ್ರೋತ್ಸವದಲ್ಲಿ ಪುರಸ್ಕೃತವಾಯಿತು.

ಆ ಕಾಲದ ಕೆಲಸದ ಪ್ರಮಾಣವನ್ನು ಅರಿಯಲು ಸರಳ ಲೆಕ್ಕವೊಂದು ಸಾಕು. ಚಲನಚಿತ್ರದ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಬೇಕು. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟುಗಳಿಗೆ ಬಳಸಿ ಶ್ರಮವನ್ನು ಅರ್ಧಕ್ಕೆ ಇಳಿಸಿದರೂ ಹತ್ತು ನಿಮಿಷದ ಚಿತ್ರಕ್ಕೆ 7,200 ಚಿತ್ರಗಳು ಬೇಕಾಗುತ್ತವೆ. ಒಂದೇ ದೃಶ್ಯದಲ್ಲಿ ಎರಡು ಪಾತ್ರಗಳು ಬೇರೆಬೇರೆಯಾಗಿ ಚಲಿಸಿದರೆ ಈ ಸಂಖ್ಯೆ ಇನ್ನೂ ಏರುತ್ತದೆ. ಮೊದಲು ಕಥೆಯನ್ನು ಸಾಲುಚಿತ್ರಗಳಾಗಿ ಬರೆದು ಗೋಡೆಗೆ ಹಚ್ಚಿ ನೋಡುವುದು, ಇದಕ್ಕೆ ಸ್ಟೋರಿಬೋರ್ಡ್ ಎಂದು ಹೆಸರು. ಬಳಿಕ ಹಿರಿಯ ಅನಿಮೇಟರ್ ಚಲನೆಯ ಮುಖ್ಯ ಭಂಗಿಗಳನ್ನು ಬರೆಯುತ್ತಾರೆ, ಕಿರಿಯರು ಅವುಗಳ ನಡುವಿನ ಚಿತ್ರಗಳನ್ನು ತುಂಬುತ್ತಾರೆ. ಕಾಗದದ ಮೇಲಿನ ಗೆರೆಗಳನ್ನು ಸೆಲ್ ಎಂಬ ಪಾರದರ್ಶಕ ಹಾಳೆಗೆ ಇಳಿಸಿ, ಹಾಳೆಯ ಹಿಂಬದಿಯಿಂದ ಬಣ್ಣ ತುಂಬಿ, ಬಣ್ಣದ ಹಿನ್ನೆಲೆಯ ಮೇಲಿಟ್ಟು, ಮೇಲಿನಿಂದ ಕೆಳಮುಖವಾಗಿ ನಿಲ್ಲಿಸಿದ ಕ್ಯಾಮೆರಾದಲ್ಲಿ ಒಂದೊಂದೇ ಚೌಕಟ್ಟಾಗಿ ಸೆರೆಹಿಡಿಯಬೇಕು. ಪುಸ್ತಕಕ್ಕೆ ಚಿತ್ರ ಬರೆಯುವವನು ಒಂದು ಕ್ಷಣವನ್ನು ಆರಿಸಿಕೊಂಡರೆ ಸಾಕು. ಅನಿಮೇಷನ್ ನಿರ್ದೇಶಕನಾದವನು ಆ ಕ್ಷಣದ ಹಿಂದುಮುಂದುಗಳನ್ನೆಲ್ಲ ಬರೆಯಬೇಕು ಅಥವಾ ಹತ್ತಾರು ಕೈಗಳಿಂದ ಬರೆಯಿಸಿ, ಅವೆಲ್ಲವೂ ಒಂದೇ ಕೈ ಬರೆದಂತೆ ಕಾಣುವ ಹಾಗೆ ನೋಡಿಕೊಳ್ಳಬೇಕು. ಎರಡನೆಯದು ಚಿತ್ರಕಲೆಯಷ್ಟೇ ಆಡಳಿತವೂ ಹೌದು.

ಸರ್ಕಾರಿ ಘಟಕದಲ್ಲಿ ಕಲಾವಿದನಿಗೆ ಎರಡು ಅನುಕೂಲಗಳಿದ್ದವು: ತಿಂಗಳ ಸಂಬಳ ಮತ್ತು ಸಿದ್ಧ ಪ್ರೇಕ್ಷಕವರ್ಗ. ಫಿಲ್ಮ್ಸ್ ಡಿವಿಷನ್ನಿನ ಕಿರುಚಿತ್ರಗಳನ್ನು ಮುಖ್ಯ ಚಿತ್ರಕ್ಕೆ ಮೊದಲು ತೋರಿಸುವುದು ಚಿತ್ರಮಂದಿರಗಳಿಗೆ ಕಡ್ಡಾಯವಾಗಿತ್ತು. ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಅವುಗಳ ನಿರೂಪಣೆ ಸಿದ್ಧವಾಗುತ್ತಿತ್ತು. ಹೀಗಾಗಿ ಸಣ್ಣ ಊರಿನ ಟೆಂಟ್ ಸಿನಿಮಾದ ಪ್ರೇಕ್ಷಕರೂ ಈ ಘಟಕದ ಕೆಲಸವನ್ನು ನೋಡಬಹುದಾಗಿತ್ತು. ಇಷ್ಟಾದರೂ ವಿಷಯದ ಆಯ್ಕೆ ಇಲಾಖೆಗಳದ್ದು. ಕುಟುಂಬ ಯೋಜನೆ, ಸಣ್ಣ ಉಳಿತಾಯ, ರಾಷ್ಟ್ರೀಯ ಏಕತೆ ಮೊದಲಾದವುಗಳ ಎಲ್ಲೆಯೊಳಗೆ ಕಲಾವಿದ ತನ್ನ ಜಾಣ್ಮೆಯನ್ನು ತೋರಬೇಕಿತ್ತು.

ಈ ಘಟಕದಲ್ಲಿ ಹಿನ್ನೆಲೆ ಚಿತ್ರಕಾರರಾಗಿ ಸೇರಿದ ಭೀಮ್‌ಸೈನ್ ಖುರಾನಾ ಅನಿಮೇಷನ್ ಕಲಿತದ್ದು ರಾಮ್ ಮೋಹನ್ ಅವರಿಂದ. ಮುಂದೆ ದೂರದರ್ಶನದ ಮೂಲಕ ಮನೆಮಾತಾದ 'ಏಕ್ ಅನೇಕ್ ಔರ್ ಏಕ್ತಾ' (1974) ಚಿತ್ರದ ಅನಿಮೇಷನ್ ಭೀಮ್‌ಸೈನ್ ಅವರದು.

ಪ್ರಸಾದ್ ಪ್ರೊಡಕ್ಷನ್ಸ್ ಮತ್ತು 'ಯೂ ಸೆಡ್ ಇಟ್'

1968ರಲ್ಲಿ ರಾಮ್ ಮೋಹನ್ ಸರ್ಕಾರಿ ಕೆಲಸವನ್ನು ಬಿಟ್ಟು ಪ್ರಸಾದ್ ಪ್ರೊಡಕ್ಷನ್ಸ್ ಸಂಸ್ಥೆಯ ಅನಿಮೇಷನ್ ವಿಭಾಗದ ಮುಖ್ಯಸ್ಥರಾದರು. ಖಾಸಗಿ ವಲಯದಲ್ಲಿ ಅನಿಮೇಷನ್ನಿಗೆ ನೆಲೆಯೇ ಇಲ್ಲದ ದಿನಗಳಲ್ಲಿ ಇದು ಸಣ್ಣ ಧೈರ್ಯವಲ್ಲ.

ಈ ಕಾಲಘಟ್ಟದ ಮುಖ್ಯ ಕೃತಿ 'ಯೂ ಸೆಡ್ ಇಟ್'. ರಾಸೀಪುರಂ ಕೃಷ್ಣಸ್ವಾಮಿ ಲಕ್ಷ್ಮಣ್ (1921–2015) ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯಲ್ಲಿ 1951ರಿಂದ ಇದೇ ಹೆಸರಿನಲ್ಲಿ ಬರೆಯುತ್ತಿದ್ದ ಪುಟ್ಟ ವ್ಯಂಗ್ಯಚಿತ್ರಗಳೇ ಇದಕ್ಕೆ ಆಧಾರ. ಮೈಸೂರಿನಲ್ಲಿ ಹುಟ್ಟಿ ಮಹಾರಾಜಾ ಕಾಲೇಜಿನಲ್ಲಿ ಓದಿದ ಲಕ್ಷ್ಮಣ್, ಅಣ್ಣ ಆರ್. ಕೆ. ನಾರಾಯಣ್ ಅವರ ಕಥೆಗಳಿಗೆ ಚಿತ್ರ ಬರೆಯುತ್ತ, ರಾಶಿಯವರ 'ಕೊರವಂಜಿ' ಪತ್ರಿಕೆಗೆ ವ್ಯಂಗ್ಯಚಿತ್ರ ನೀಡುತ್ತ ಬೆಳೆದವರು. ವಿದ್ಯಾರ್ಥಿಯಾಗಿದ್ದಾಗ ಮದರಾಸಿನ ಜೆಮಿನಿ ಸ್ಟುಡಿಯೊದಲ್ಲಿ ಬೇಸಿಗೆ ರಜೆಯ ಕೆಲಸವನ್ನೂ ಮಾಡಿದ್ದರು.

ಲಕ್ಷ್ಮಣ್ ಅವರ ಚಿತ್ರಗಳನ್ನು ಚಲಿಸುವಂತೆ ಮಾಡುವುದು ಮೇಲ್ನೋಟಕ್ಕೆ ಕಾಣುವುದಕ್ಕಿಂತ ಕಠಿಣ. ಅವರ ರೇಖೆ ಕುಂಚದ್ದು. ಒಂದೇ ಎಳೆತದಲ್ಲಿ ದಪ್ಪವಾಗಿ ತೆಳುವಾಗಿ ಹರಿಯುವಂಥದ್ದು. ಅಂತಹ ರೇಖೆಯನ್ನು ಸಾವಿರಾರು ಸಲ ಒಂದೇ ರೀತಿಯಲ್ಲಿ ಬರೆಯಲಾಗದು. ಚಿತ್ರದಿಂದ ಚಿತ್ರಕ್ಕೆ ಕೂದಲೆಳೆಯಷ್ಟು ವ್ಯತ್ಯಾಸವಾದರೂ ತೆರೆಯ ಮೇಲೆ ಗೆರೆಗಳು ಕುದಿಯುವಂತೆ ನಡುಗುತ್ತವೆ. ಸರಳಗೊಳಿಸಿದರೆ ಲಕ್ಷ್ಮಣ್ ಕಾಣಿಸುವುದಿಲ್ಲ. ಎರಡನೆಯ ತೊಡಕು ಪಾತ್ರದ್ದು. ಚೌಕಳಿ ಕೋಟು, ಪಂಚೆ, ಕನ್ನಡಕದ ಶ್ರೀಸಾಮಾನ್ಯ ಮಾತನಾಡುವವನಲ್ಲ, ಓಡುವವನೂ ಅಲ್ಲ. ಮಂತ್ರಿಗಳು, ಅಧಿಕಾರಿಗಳು ಮಾತನಾಡುತ್ತಿರುವಾಗ ಪಕ್ಕದಲ್ಲಿ ನಿಂತು ನೋಡುತ್ತಾನೆ. ಆ ನೋಟವೇ ವ್ಯಂಗ್ಯ. ಚಲನೆಯನ್ನೇ ನಂಬಿದ ಮಾಧ್ಯಮಕ್ಕೆ ನಿಶ್ಚಲತೆಯೇ ಜೀವಾಳವಾಗಿರುವ ಪಾತ್ರ ಹೊಂದುವುದು ಸುಲಭವಲ್ಲ. 'ಯೂ ಸೆಡ್ ಇಟ್' 1972ರಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರಕ್ಕಾಗಿ ರಾಷ್ಟ್ರ ಪ್ರಶಸ್ತಿಯನ್ನು ಪಡೆಯಿತು.

ಸ್ವಂತ ಸಂಸ್ಥೆ

1972ರಲ್ಲಿ ಅವರು ಮುಂಬಯಿಯಲ್ಲಿ 'ರಾಮ್ ಮೋಹನ್ ಬಯೋಗ್ರಾಫಿಕ್ಸ್' ಎಂಬ ತಮ್ಮದೇ ಸಂಸ್ಥೆಯನ್ನು ಸ್ಥಾಪಿಸಿದರು. ಅದನ್ನು ನಡೆಸಿದ್ದು ಮುಖ್ಯವಾಗಿ ಜಾಹೀರಾತು. 1976ರಲ್ಲಿ ದೂರದರ್ಶನ ಜಾಹೀರಾತುಗಳಿಗೆ ತೆರೆದುಕೊಂಡ ಮೇಲೆ ಕೆಲವೇ ಸೆಕೆಂಡುಗಳ ಅನಿಮೇಷನ್ ತುಣುಕುಗಳಿಗೆ ಬೇಡಿಕೆ ಹೆಚ್ಚಿತು. ಅಂದಿನ ಭಾರತದಲ್ಲಿ ಅನಿಮೇಷನ್ ನಿರ್ದೇಶಕನಿಗೆ ಖಚಿತವಾಗಿ ಹಣ ಬರುತ್ತಿದ್ದುದು ಇಂತಹ ಕೆಲಸದಿಂದಲೇ. ದೀರ್ಘ ಚಿತ್ರಕ್ಕೆ ಬಂಡವಾಳ ಹೂಡುವವರು ಇರಲಿಲ್ಲ.

ಕಥಾಚಿತ್ರಗಳ ನಿರ್ದೇಶಕರೂ ಅವರನ್ನು ಕರೆಸಿಕೊಂಡರು. ಮೃಣಾಲ್ ಸೇನ್ ಅವರ 'ಭುವನ್ ಶೋಮ್' (1969) ಚಿತ್ರದ ಅನಿಮೇಷನ್ ಭಾಗ ಅವರದು. ಸತ್ಯಜಿತ್ ರೇ ಅವರ 'ಶತರಂಜ್ ಕೇ ಖಿಲಾಡಿ' (1977) ಚಿತ್ರದಲ್ಲಿ ಈಸ್ಟ್ ಇಂಡಿಯಾ ಕಂಪನಿ ದೇಶೀ ಸಂಸ್ಥಾನಗಳನ್ನು ಒಂದೊಂದಾಗಿ ನುಂಗುವುದನ್ನು ವ್ಯಂಗ್ಯಚಿತ್ರದ ಧಾಟಿಯಲ್ಲಿ ತೋರಿಸುವ ಭಾಗದಲ್ಲಿಯೂ ಅವರ ಕೈವಾಡವಿದೆ. ಅವಧ್ ರಾಜ್ಯದ ಪತನದ ಹಿಂದಿನ ರಾಜಕಾರಣವನ್ನು ಸಂಭಾಷಣೆಯ ಮೂಲಕ ವಿವರಿಸಹೊರಟಿದ್ದರೆ ದೀರ್ಘವಾಗುತ್ತಿತ್ತು. ರೇಖೆಗಳು ಅದನ್ನು ಕೆಲವೇ ನಿಮಿಷಗಳಲ್ಲಿ ನಗುನಗುತ್ತ ಹೇಳಿ ಮುಗಿಸುತ್ತವೆ. 'ಪತಿ ಪತ್ನಿ ಔರ್ ವೋ' (1978), 'ದೋ ಔರ್ ದೋ ಪಾಂಚ್' (1980) ಮುಂತಾದ ಜನಪ್ರಿಯ ಹಿಂದಿ ಚಿತ್ರಗಳಿಗೂ ಅವರು ಅನಿಮೇಷನ್ ಒದಗಿಸಿದರು. 'ಫೈರ್ ಗೇಮ್ಸ್' ಚಿತ್ರಕ್ಕೆ 1983ರಲ್ಲಿ ಮತ್ತೊಮ್ಮೆ ರಾಷ್ಟ್ರ ಪ್ರಶಸ್ತಿ ಬಂದಿತು.

ರಾಮಾಯಣ: ದ ಲೆಜೆಂಡ್ ಆಫ್ ಪ್ರಿನ್ಸ್ ರಾಮ

ಜಪಾನಿನ ಸಾಕ್ಷ್ಯಚಿತ್ರ ನಿರ್ಮಾಪಕ ಯೂಗೊ ಸಾಕೊ 1983ರಲ್ಲಿ ಪುರಾತತ್ತ್ವಜ್ಞ ಬಿ. ಬಿ. ಲಾಲ್ ಅವರ ಉತ್ಖನನಗಳನ್ನು ಕುರಿತು ಚಿತ್ರ ತೆಗೆಯಲು ಭಾರತಕ್ಕೆ ಬಂದಿದ್ದರು. ಆಗ ರಾಮಾಯಣದ ಕಥೆ ಅವರ ಮನಸ್ಸನ್ನು ಸೆಳೆಯಿತು. ವಾಲ್ಮೀಕಿಯದಲ್ಲದೆ ಬೇರೆ ಹಲವು ರಾಮಾಯಣಗಳ ಜಪಾನಿ ಅನುವಾದಗಳನ್ನು ಅವರು ಓದಿದರು. ರಾಮನು ದೇವರೂ ಹೌದಾದ್ದರಿಂದ ಆ ಪಾತ್ರವನ್ನು ನಟನೊಬ್ಬನಿಗಿಂತ ಚಿತ್ರವೇ ಚೆನ್ನಾಗಿ ತೋರಬಲ್ಲದೆಂಬುದು ಸಾಕೊ ಅವರ ನಿಲುವು.

ಸಾಕೊ ಅವರ ಕೆಲಸದ ಕುರಿತು ಪತ್ರಿಕೆಯಲ್ಲಿ ಬಂದ ವರದಿಯೊಂದು ತಪ್ಪು ತಿಳಿವಳಿಕೆಗೆ ಎಡೆಮಾಡಿತು. ರಾಷ್ಟ್ರೀಯ ಪರಂಪರೆಯಾದ ರಾಮಾಯಣವನ್ನು ವಿದೇಶೀಯರು ಮನಬಂದಂತೆ ಚಿತ್ರಿಸಬಾರದೆಂದು ವಿಶ್ವ ಹಿಂದೂ ಪರಿಷತ್ತು ಆಕ್ಷೇಪಿಸಿತು. ಗೊಂದಲ ತಿಳಿಯಾದ ಮೇಲೆ ಎರಡೂ ದೇಶಗಳು ಜೊತೆಗೂಡಿ ಚಿತ್ರ ನಿರ್ಮಿಸಬೇಕೆಂಬ ಪ್ರಸ್ತಾವ ಸರ್ಕಾರದ ಮುಂದೆ ಹೋಯಿತು. ವಿಷಯ ಸೂಕ್ಷ್ಮವೆಂಬ ಕಾರಣದಿಂದ ಅದು ಫಲಿಸಲಿಲ್ಲ. ಕೊನೆಗೆ ನಿರ್ಮಾಣದ ಹೊಣೆ ಜಪಾನಿನಲ್ಲಿಯೇ ಉಳಿಯಿತು. ನಿಪ್ಪಾನ್ ರಾಮಾಯಣ ಫಿಲ್ಮ್ ಕಂಪನಿ ಎಂಬ ಸಂಸ್ಥೆ ಇದಕ್ಕಾಗಿ ರೂಪುಗೊಂಡು, ಸುಮಾರು 450 ಕಲಾವಿದರು ಚಿತ್ರಕ್ಕೆ ದುಡಿದರು.

ಇಲ್ಲಿ ರಾಮ್ ಮೋಹನ್ ಅವರ ಪಾತ್ರ ಸಹನಿರ್ದೇಶಕನದಷ್ಟೇ ಅಲ್ಲ, ಎರಡು ಸಂಸ್ಕೃತಿಗಳ ನಡುವಿನ ದುಭಾಷಿಯದೂ ಆಗಿತ್ತು. ಪಂಚೆಯನ್ನು ಉಡುವ ಬಗೆ, ಉಟ್ಟಾಗ ಅದರ ನೆರಿಗೆ ಬೀಳುವ ರೀತಿ, ಕಿರಿಯರು ಹಿರಿಯರಿಂದ ಆಶೀರ್ವಾದ ಪಡೆಯುವ ಕ್ರಮ ಇವೆಲ್ಲವನ್ನೂ ಭಾರತೀಯ ಕಲಾವಿದರು ಜಪಾನಿನ ತಂಡಕ್ಕೆ ತಿಳಿಸಿಕೊಡಬೇಕಾಯಿತು. ಭಾರತದ ಪ್ರೇಕ್ಷಕರಿಗೆ ಇವು ಹೇಳದೆಯೇ ತಿಳಿದ ಸಂಗತಿಗಳು, ಹಾಗಾಗಿಯೇ ತಪ್ಪಿದರೆ ತಕ್ಷಣ ಕಣ್ಣಿಗೆ ಹೊಡೆಯುವಂಥವು. ತಲೆಬಾಗಿ ವಂದಿಸುವ ಜಪಾನಿನ ಪದ್ಧತಿಗೂ ಪಾದಮುಟ್ಟಿ ನಮಸ್ಕರಿಸುವುದಕ್ಕೂ ಬೆನ್ನಿನ ಬಾಗು ಬೇರೆ, ಕೈಗಳ ನಿಲುವು ಬೇರೆ, ಮೇಲೇಳುವ ಲಯವೂ ಬೇರೆ. ಚಿತ್ರದ ಹಿನ್ನೆಲೆಗಳಲ್ಲಿ, ಯುದ್ಧದ ದೃಶ್ಯಗಳಲ್ಲಿ ಜಪಾನಿನ ಅನಿಮೇಷನ್ ಶೈಲಿ ಎದ್ದು ಕಾಣುತ್ತದೆ. ಪಾತ್ರಗಳ ನಡೆನುಡಿಯಲ್ಲಿ ಭಾರತದ ಚಹರೆ ಉಳಿದಿದೆ. ಸಂಗೀತ ವನರಾಜ್ ಭಾಟಿಯಾ ಅವರದು. ಹಿಂದಿ ಆವೃತ್ತಿಯಲ್ಲಿ ರಾಮನಿಗೆ ಅರುಣ್ ಗೋವಿಲ್, ರಾವಣನಿಗೆ ಅಮರೀಶ್ ಪುರಿ ಧ್ವನಿ ನೀಡಿದರು.

ಚಿತ್ರ ಸಿದ್ಧವಾದ ಹೊತ್ತಿಗೆ ದೇಶದ ಪರಿಸ್ಥಿತಿ ಬದಲಾಗಿತ್ತು. 1992ರ ಡಿಸೆಂಬರ್‌ನಲ್ಲಿ ಅಯೋಧ್ಯೆಯ ಬಾಬರಿ ಮಸೀದಿಯ ಧ್ವಂಸ ಮತ್ತು ಅದನ್ನು ಹಿಂಬಾಲಿಸಿದ ಗಲಭೆಗಳ ನಡುವೆ ರಾಮನ ಕುರಿತ ಚಿತ್ರವನ್ನು ಬಿಡುಗಡೆ ಮಾಡುವುದು ಕಷ್ಟವಾಯಿತು. 1993ರ ಜನವರಿಯಲ್ಲಿ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡರೂ ಚಿತ್ರಮಂದಿರಗಳಲ್ಲಿ ಅದಕ್ಕೆ ಸಿಗಬೇಕಾದ ಅವಕಾಶ ಸಿಗಲಿಲ್ಲ. ಪ್ರೇಕ್ಷಕರು ಅದನ್ನು ಕಂಡುಕೊಂಡದ್ದು ಬಹುಮಟ್ಟಿಗೆ ದೂರದರ್ಶನ ವಾಹಿನಿಗಳ ಮರುಪ್ರಸಾರಗಳ ಮೂಲಕ. ಆ ಮಕ್ಕಳೇ ದೊಡ್ಡವರಾಗಿ ಈ ಚಿತ್ರದ ಕೀರ್ತಿಯನ್ನು ಬೆಳೆಸಿದರು. 4ಕೆ ಗುಣಮಟ್ಟಕ್ಕೆ ಏರಿಸಿದ ಪ್ರತಿ ಭಾರತದ ಚಿತ್ರಮಂದಿರಗಳಿಗೆ ಬಂದದ್ದು 2025ರ ಜನವರಿ 24ರಂದು. ಅಷ್ಟರಲ್ಲಿ ರಾಮ್ ಮೋಹನ್ ತೀರಿಕೊಂಡು ಐದು ವರ್ಷಗಳು ಕಳೆದಿದ್ದವು, ಸಾಕೊ ಕೂಡ ಬದುಕಿರಲಿಲ್ಲ.

ಮೀನಾ

ಇದೇ ಕಾಲದಲ್ಲಿ ಯುನಿಸೆಫ್ ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳ ಹಕ್ಕುಗಳ ಕುರಿತು ಅನಿಮೇಷನ್ ಸರಣಿಯೊಂದನ್ನು ಕೈಗೆತ್ತಿಕೊಂಡಿತು. ಅದರ ನಾಯಕಿ ಮೀನಾ, ತಮ್ಮ ರಾಜು ಮತ್ತು ಗಿಳಿ ಮಿಠ್ಠು ರೂಪುಗೊಂಡದ್ದು ರಾಮ್ ಮೋಹನ್ ಅವರ ಕೈಯಲ್ಲಿ. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳ ಈ ಎಲ್ಲ ದೇಶಗಳ ಮಕ್ಕಳಿಗೂ ಮೀನಾ ತಮ್ಮ ಊರಿನವಳೇ ಎನಿಸಬೇಕಿತ್ತು. ಆಕೆಯ ಉಡುಪು, ಮನೆ, ಅಂಗಳ ಯಾವುದೂ ಒಂದು ಧರ್ಮವನ್ನಾಗಲಿ ಒಂದು ದೇಶವನ್ನಾಗಲಿ ಸೂಚಿಸುವಂತಿರಲಿಲ್ಲ. ಹಾಗೆಂದು ಗುರುತೇ ಇಲ್ಲದ ಪಾತ್ರವಾಗಿಬಿಟ್ಟರೆ ಯಾರಿಗೂ ಹತ್ತಿರವಾಗುವುದಿಲ್ಲ. ಪಾತ್ರವಿನ್ಯಾಸಕನಾಗಿ ರಾಮ್ ಮೋಹನ್ ಅವರ ಶಕ್ತಿ ಸ್ಪಷ್ಟವಾಗಿ ಕಾಣುವುದು ಇಲ್ಲಿ.

ಸರಣಿಯ ಆರಂಭದ ಚಿತ್ರದಲ್ಲಿ ಶಾಲೆಗೆ ಹೋಗಲು ಅನುಮತಿಯಿಲ್ಲದ ಮೀನಾ ತನ್ನ ಗಿಳಿಯನ್ನು ಶಾಲೆಯ ಕಿಟಕಿಗೆ ಕಳುಹಿಸಿ ಪಾಠ ಕಲಿಯುತ್ತಾಳೆ. ಕಲಿತ ಲೆಕ್ಕದಿಂದ ಕೋಳಿಗಳನ್ನು ಎಣಿಸಿ ಕಳ್ಳತನವನ್ನು ಪತ್ತೆಹಚ್ಚುತ್ತಾಳೆ. ಮತ್ತೊಂದರಲ್ಲಿ ಅಣ್ಣತಂಗಿಯರಂತೆಯೇ ಅಕ್ಕತಮ್ಮಂದಿರಿಗೂ ಮನೆಯಲ್ಲಿ ಊಟ ಮತ್ತು ಕೆಲಸ ಸಮನಾಗಿ ಹಂಚಿಕೆಯಾಗದಿರುವುದನ್ನು ಮಾವಿನಹಣ್ಣಿನ ನೆಪದಲ್ಲಿ ಹೇಳಲಾಗಿದೆ. ಬೋಧನೆಯ ಉದ್ದೇಶ ಎಲ್ಲಿಯೂ ಮರೆಯಾಗಿಲ್ಲ. ಆದರೂ ಮಕ್ಕಳು ನೆನಪಿಟ್ಟುಕೊಂಡದ್ದು ಬೋಧನೆಯನ್ನಲ್ಲ, ಗಿಳಿಯನ್ನು.

ಸ್ಟುಡಿಯೊ ಮತ್ತು ಶಾಲೆ

1990ರ ದಶಕದ ಉತ್ತರಾರ್ಧದಲ್ಲಿ ರಾಮ್ ಮೋಹನ್ ಯುಟಿವಿ ಸಮೂಹದೊಂದಿಗೆ ಕೈಜೋಡಿಸಿದರು. ಕಂಪ್ಯೂಟರ್ ಬಂದು ಸೆಲ್ ಹಾಳೆಗಳು ಮರೆಯಾಗುತ್ತಿದ್ದ, ವಿದೇಶಿ ಸರಣಿಗಳ ಕೆಲಸ ಭಾರತದ ಸ್ಟುಡಿಯೊಗಳಿಗೆ ಹರಿದುಬರುತ್ತಿದ್ದ ಕಾಲವದು. ಕಥೆ ಮತ್ತು ಪಾತ್ರವಿನ್ಯಾಸ ಹೊರದೇಶದಲ್ಲಿ ಸಿದ್ಧವಾಗಿ, ನಡುವಿನ ಚಿತ್ರಗಳ ಶ್ರಮ ಮಾತ್ರ ಇಲ್ಲಿಗೆ ಬರುವ ಈ ವ್ಯವಸ್ಥೆ ಸಾವಿರಾರು ಜನರಿಗೆ ಉದ್ಯೋಗ ನೀಡಿತು. ನಿರ್ದೇಶಕರನ್ನು ಬೆಳೆಸಲು ಅದೊಂದೇ ಸಾಲದಾಗಿತ್ತು. ಮುಂದೆ ಗ್ರಾಫಿಟಿ ಮಲ್ಟಿಮೀಡಿಯಾ ಸಂಸ್ಥೆಯ ಅಧ್ಯಕ್ಷರಾದ ಅವರು 2006ರಲ್ಲಿ ಗ್ರಾಫಿಟಿ ಸ್ಕೂಲ್ ಆಫ್ ಅನಿಮೇಷನ್ ಆರಂಭಿಸಿದರು. ಆಗ ಅವರಿಗೆ 75ರ ಪ್ರಾಯ.

ಕರ್ನಾಟಕದ ಸಂದರ್ಭ

'ಯೂ ಸೆಡ್ ಇಟ್' ಬಂದು ಒಂದೂವರೆ ದಶಕ ಕಳೆಯುವಷ್ಟರಲ್ಲಿ ಲಕ್ಷ್ಮಣ್ ಅವರ ರೇಖೆಗಳು ಮತ್ತೆ ತೆರೆಗೆ ಬಂದವು. ಶಂಕರ್ ನಾಗ್ ನಿರ್ದೇಶನದ 'ಮಾಲ್ಗುಡಿ ಡೇಸ್' ಸರಣಿಯ ಶೀರ್ಷಿಕೆಗೆ ಬಳಸಿದ ಚಿತ್ರಗಳು ಅವರವು. ಆ ಸರಣಿ ಬಹುಪಾಲು ಚಿತ್ರೀಕರಣಗೊಂಡ ಆಗುಂಬೆ, ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ತಾಲೂಕುಗಳ ನೆರೆಯ ತೀರ್ಥಹಳ್ಳಿ ತಾಲೂಕಿಗೆ ಸೇರಿದ್ದು. ಇಲ್ಲಿ ಚಿತ್ರಗಳು ಚಲಿಸುವುದಿಲ್ಲ, ಒಂದರ ನಂತರ ಒಂದಾಗಿ ಬಂದುಹೋಗುತ್ತವೆ. ನಿಶ್ಚಲ ರೇಖೆಯನ್ನು ನಿಶ್ಚಲವಾಗಿಯೇ ಉಳಿಸಿಕೊಂಡ ಈ ಮಾರ್ಗವನ್ನು ರಾಮ್ ಮೋಹನ್ ಅವರ ಪ್ರಯತ್ನದೊಂದಿಗೆ ಹೋಲಿಸಿ ನೋಡುವುದು ಕುತೂಹಲಕರ.

ಅನಿಮೇಷನ್, ವಿಷುಯಲ್ ಎಫೆಕ್ಟ್ಸ್, ಗೇಮಿಂಗ್ ಮತ್ತು ಕಾಮಿಕ್ಸ್ ಕ್ಷೇತ್ರಗಳಿಗಾಗಿ ಕರ್ನಾಟಕ ಸರ್ಕಾರ 2012ರಲ್ಲಿ ಪ್ರತ್ಯೇಕ ನೀತಿಯನ್ನು ಪ್ರಕಟಿಸಿತು. ಬೆಂಗಳೂರಿನಲ್ಲಿ ಸ್ಟುಡಿಯೊಗಳೂ ಶಾಲೆಗಳೂ ಬೆಳೆದಿವೆ. ಇಷ್ಟರ ನಡುವೆಯೂ ಸ್ವಂತ ಕಥೆಯ ದೀರ್ಘ ಚಿತ್ರಗಳು ವಿರಳ. ಬೆಂಗಳೂರಿನ ವಿ. ರವಿಶಂಕರ್ ನಿರ್ದೇಶಿಸಿದ ಸಂಸ್ಕೃತ ಅನಿಮೇಷನ್ ಚಿತ್ರ 'ಪುಣ್ಯಕೋಟಿ' ಅಂತಹ ವಿರಳ ಉದಾಹರಣೆ. ಕನ್ನಡಿಗರಿಗೆ ಚಿರಪರಿಚಿತವಾದ ಗೋವಿನ ಹಾಡಿನ ಕಥೆಯನ್ನು ಆಧರಿಸಿ, ಸಾರ್ವಜನಿಕರ ವಂತಿಗೆಯ ನೆರವಿನಿಂದ ತಯಾರಾದ ಈ ಚಿತ್ರಕ್ಕೆ ಇಳಯರಾಜ ಸಂಗೀತ ನೀಡಿದರು. ಚಿತ್ರ 2020ರಲ್ಲಿ ನೆಟ್‌ಫ್ಲಿಕ್ಸ್ ಮೂಲಕ ಪ್ರೇಕ್ಷಕರನ್ನು ತಲುಪಿತು. ಕಂದನಿಗಾಗಿ ಅವಧಿ ಬೇಡಿ, ಮಾತಿಗೆ ತಪ್ಪದೆ ಹುಲಿಯ ಎದುರು ಬಂದು ನಿಲ್ಲುವ ಹಸು ಮತ್ತು 'ದ ಬನಿಯನ್ ಡೀರ್' ಚಿತ್ರದಲ್ಲಿ ಅರಸನ ಕತ್ತಿಗೆ ಕೊರಳೊಡ್ಡುವ ಜಿಂಕೆ ಒಂದೇ ಬಳಗದ ಪಾತ್ರಗಳು. ಎರಡು ಚಿತ್ರಗಳ ನಡುವಿನ ಅಂತರ ಆರು ದಶಕಗಳು. ಮೊದಲನೆಯದಕ್ಕೆ ಸರ್ಕಾರ ಹಣ ಕೊಟ್ಟಿತು, ಎರಡನೆಯದಕ್ಕೆ ನಿರ್ದೇಶಕರು ಜನರ ಮುಂದೆ ಕೈಚಾಚಬೇಕಾಯಿತು.

ಗೌರವಗಳು ಮತ್ತು ನಿಧನ

ಭಾರತ ಸರ್ಕಾರ 2014ರಲ್ಲಿ ರಾಮ್ ಮೋಹನ್ ಅವರಿಗೆ ಪದ್ಮಶ್ರೀ ಪ್ರಶಸ್ತಿ ನೀಡಿ ಗೌರವಿಸಿತು. ಅವರು 2019ರ ಅಕ್ಟೋಬರ್ 11ರಂದು ಮುಂಬಯಿಯಲ್ಲಿ ತಮ್ಮ 88ನೆಯ ವಯಸ್ಸಿನಲ್ಲಿ ನಿಧನರಾದರು. ಅವರು ವೃತ್ತಿ ಆರಂಭಿಸಿದ ಫಿಲ್ಮ್ಸ್ ಡಿವಿಷನ್ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು.